ಹನ್ನೆರಡು ಮೊಳೆಗಳ ಗೋಡೆ

ನಮ್ಮೂರಿನ ಸಂಗೀತ ಸಭೆಗೆ ಐವತ್ತು ವರ್ಷ ತುಂಬಿತು. ಆ ನೆಪದಲ್ಲಿ ಸಭಾಂಗಣಕ್ಕೆ ಸುಣ್ಣಬಣ್ಣವಾಯಿತು, ಹೊಸ ಫ್ಯಾನುಗಳು ಬಂದವು. ವೇದಿಕೆಯ ಪಕ್ಕದ ಉದ್ದ ಗೋಡೆಯೊಂದು ಬೋಳಾಗಿ ಉಳಿಯಿತು. ಅಲ್ಲಿ ಹನ್ನೆರಡು ಜನ ಮಹಾನ್ ಸಂಗೀತಗಾರರ ಪಟ ಹಾಕೋಣ ಎಂದರು ಕಮಿಟಿಯ ಹಿರಿಯರೊಬ್ಬರು. ಅವರು ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಕ್ಲೀವ್‌ಲ್ಯಾಂಡಿನ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ನೋಡಿ ಬಂದಿದ್ದರು. ಹೆಸರಾದ ಹಾಡುಗಾರರನ್ನು ಅಲ್ಲಿ ವರ್ಷ ವರ್ಷವೂ ಆರಿಸಿ ಸೇರಿಸಿಕೊಳ್ಳುತ್ತಾರಂತೆ. ‘ನಮಗೂ ಅಂಥದ್ದೊಂದು ಕೀರ್ತಿಯ ಗೋಡೆ ಇರಲಿ’ ಎಂದರು. ಒಳ್ಳೆಯ ಯೋಚನೆಯೇ. ನಾನೂ ಕೈಯೆತ್ತಿದೆ.

ಕಮಿಟಿಯಲ್ಲಿರುವ ಹನ್ನೊಂದು ಜನರಲ್ಲಿ ಹೆಂಗಸು ನಾನೊಬ್ಬಳೇ. ಟಿಕೆಟ್ ಮಾರುವುದು, ಕಲಾವಿದರ ಊಟ ತಿಂಡಿ ನೋಡಿಕೊಳ್ಳುವುದು, ಹಾರಕ್ಕೆ ಹೇಳುವುದು ನನ್ನ ಪಾಲಿನ ಕೆಲಸ. ಮುಂದಿನ ಸಭೆಗೆ ಪಟ್ಟಿ ಟೈಪಾಗಿ ಬಂತು. ಪುರಂದರದಾಸರು, ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು. ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು, ಪಿಟೀಲು ಚೌಡಯ್ಯನವರು, ವೀಣೆ ದೊರೆಸ್ವಾಮಿ ಅಯ್ಯಂಗಾರರು. ಹಿಂದುಸ್ತಾನಿಯಲ್ಲಿ ಸವಾಯಿ ಗಂಧರ್ವರು, ಮಲ್ಲಿಕಾರ್ಜುನ ಮನಸೂರರು, ಕುಮಾರ ಗಂಧರ್ವರು, ಭೀಮಸೇನ ಜೋಶಿಯವರು. ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ.

‘ಹೆಂಗಸರು ಯಾರೂ ಕಾಣುವುದಿಲ್ಲವಲ್ಲ?’ ಎಂದೆ.

‘ಮೇಡಂ, ಇದರಲ್ಲಿ ಗಂಡು ಹೆಣ್ಣು ಅಂತ ನೋಡಲಿಲ್ಲ, ಯೋಗ್ಯತೆ ನೋಡಿದೆವು’ ಎಂದರು ಕಾರ್ಯದರ್ಶಿಗಳು.

ಸರಿ, ಯೋಗ್ಯತೆಯನ್ನೇ ನೋಡೋಣ. ಈ ಹನ್ನೆರಡು ಜನರಲ್ಲಿ ಯಾರೂ ಸಣ್ಣವರಲ್ಲ. ಆದರೆ ಗುರು ಸವಾಯಿ ಗಂಧರ್ವರು ಗೋಡೆಯ ಮೇಲಿದ್ದಾರೆ, ಶಿಷ್ಯ ಭೀಮಸೇನರು ಇದ್ದಾರೆ. ಅದೇ ಗುರುವಿನ ಬಳಿ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತ ಗಂಗೂಬಾಯಿ ಹಾನಗಲ್ಲರು ಎಲ್ಲಿ? 1913ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ, 2002ರಲ್ಲಿ ಪದ್ಮವಿಭೂಷಣ ಪಡೆದ ಆ ತಾಯಿಯ ಯೋಗ್ಯತೆಗೆ ಏನು ಕಡಿಮೆಯಾಗಿತ್ತು?

‘ಭೀಮಸೇನರಿಗೆ ಭಾರತರತ್ನ ಬಂದಿದೆ’ ಎಂಬ ಉತ್ತರ ಬಂತು. ಬಂದಿದೆ, 2008ರಲ್ಲಿ ಘೋಷಣೆಯಾಯಿತು. ಅದಕ್ಕೂ ಹತ್ತು ವರ್ಷ ಮೊದಲು, 1998ರಲ್ಲೇ, ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ ಬಂದಿತ್ತು. ಹಾಗಾದರೆ ಅವರ ಪಟ? ‘ಅವರು ತಮಿಳುನಾಡಿನವರು ಮೇಡಂ.’ ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಮೂವರೂ ಹುಟ್ಟಿದ್ದು ತಿರುವಾರೂರಿನಲ್ಲಿ. ಅದೇನು ಮಂಡ್ಯ ಜಿಲ್ಲೆಯಲ್ಲಿದೆಯೇ? ಗಂಡಸರನ್ನು ಅಳೆಯುವ ಕೋಲು ಒಂದೇ ಅಳತೆಯದು. ಹೆಂಗಸರ ಬಳಿಗೆ ಬಂದಾಗ ಅದು ಮೊಳ ಮೊಳ ಬೆಳೆಯುತ್ತದೆ.

ನಾನು ಎರಡನೆಯ ಹೆಸರು ಹೇಳಿದೆ: ಬೆಂಗಳೂರು ನಾಗರತ್ನಮ್ಮ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು, ಹೆಸರಾಂತ ಗಾಯಕಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಹಾಳುಬಿದ್ದಿದ್ದಾಗ ತಮ್ಮ ಸಂಪಾದನೆ, ಒಡವೆ ಸುರಿದು ಅಲ್ಲಿ ಗುಡಿ ಕಟ್ಟಿಸಿದವರು. 1925ರಲ್ಲಿ ಅದರ ಕುಂಭಾಭಿಷೇಕವಾಯಿತು. ಗುಡಿ ಕಟ್ಟಿಸಿದ ಆ ಹೆಣ್ಣುಮಗಳಿಗೇ ಗಂಡಸರ ಆರಾಧನೆಯಲ್ಲಿ ಹಾಡಲು ಅವಕಾಶವಿರಲಿಲ್ಲ. ಅವರು ಅಳುತ್ತ ಕೂರಲಿಲ್ಲ. ಹೆಂಗಸರದೇ ಗುಂಪು ಕಟ್ಟಿ ಬೇರೆ ಆರಾಧನೆ ನಡೆಸಿದರು. ಕೊನೆಗೆ 1940ರ ದಶಕದ ಆರಂಭದ ಹೊತ್ತಿಗೆ ಗುಂಪುಗಳೆಲ್ಲ ಒಂದಾಗಿ ಹೆಂಗಸರಿಗೂ ಜಾಗ ಸಿಕ್ಕಿತು. ಇವತ್ತು ಜನವರಿ ಬಂತೆಂದರೆ ಟೀವಿಯಲ್ಲಿ ಪಂಚರತ್ನ ಕೀರ್ತನೆ ನೋಡಿ ನಾವೆಲ್ಲ ಕೈಮುಗಿಯುತ್ತೇವೆ. ತ್ಯಾಗರಾಜರ ಪಟಕ್ಕೆ ಒಂದು ಮೊಳೆ ಬೇಕು, ಅವರಿಗೆ ನೆಲೆ ಮಾಡಿಕೊಟ್ಟವಳಿಗೆ ಬೇಡವೇ?

ಒಬ್ಬರು ದನಿ ತಗ್ಗಿಸಿ, ‘ಅವರ ಹಿನ್ನೆಲೆ ಅಂದರೆ...’ ಎಂದು ಅರ್ಧಕ್ಕೇ ನಿಲ್ಲಿಸಿದರು. ನಿಲ್ಲಿಸಿದ ಆ ಅರ್ಧದಲ್ಲೇ ಎಲ್ಲ ಇದೆ. ದೇವದಾಸಿ ಮನೆತನದ ಹೆಣ್ಣುಮಕ್ಕಳು ಮಾನ ಬಿಟ್ಟು ಉಳಿಸಿಕೊಟ್ಟ ಹಾಡು ನಮಗೆ ಬೇಕು, ಅವರ ಮುಖ ಬೇಡ. ಗಂಗೂಬಾಯಿಯವರು ನಗುತ್ತ ಹೇಳುತ್ತಿದ್ದ ಮಾತು ನೆನಪಾಯಿತು: ಮುಸಲ್ಮಾನ ಗಂಡಸು ಹಾಡಿದರೆ ಉಸ್ತಾದ, ಹಿಂದೂ ಗಂಡಸು ಹಾಡಿದರೆ ಪಂಡಿತ, ಹೆಂಗಸು ಎಷ್ಟು ಹಾಡಿದರೂ ಬರೀ ಬಾಯಿ.

ಇನ್ನು ಕ್ಲೀವ್‌ಲ್ಯಾಂಡಿನ ಮಾತು. ಆ ಹಿರಿಯರು ಅಷ್ಟು ಹೊಗಳಿದ ಮೇಲೆ ನಾನೂ ಅದರ ಬಗ್ಗೆ ಓದಿದೆ. 1986ರಲ್ಲಿ ಅವರು ಮೊದಲ ಬಾರಿಗೆ ಆರಿಸಿದ ಹತ್ತು ಹಾಡುಗಾರರ ಹೆಸರಿನಲ್ಲಿ ಹೆಣ್ಣು ಒಂದೂ ಇರಲಿಲ್ಲ. ಮಾರನೆಯ ವರ್ಷ ಅರೀಥಾ ಫ್ರಾಂಕ್ಲಿನ್ ಒಳಗೆ ಬಂದರು. ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಕರಿಯ ಹೆಣ್ಣುಮಗಳು ದೇವರ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿ, ಮುಂದೆ ಬಂದ ರಾಕ್ ಗಾಯಕರಿಗೆಲ್ಲ ದಾರಿ ತೋರಿಸಿದ್ದಳು. ಲಿಟಲ್ ರಿಚರ್ಡ್ ಇನ್ನೂ ಹುಡುಗನಾಗಿದ್ದಾಗ ಅವನನ್ನು ತನ್ನ ವೇದಿಕೆಗೆ ಹತ್ತಿಸಿ ಹಾಡಿಸಿದವಳು. ಅವನು ಮೊದಲ ಪಟ್ಟಿಯಲ್ಲೇ ಇದ್ದ. ಅವಳು 1973ರಲ್ಲಿ ಸತ್ತಳು, ಆ ಮನೆಯೊಳಗೆ ಹೆಸರು ಸೇರಿದ್ದು 2018ರಲ್ಲಿ. ನಮ್ಮಲ್ಲೂ ಅಷ್ಟೆ: ಮದರಾಸಿನ ಮ್ಯೂಸಿಕ್ ಅಕಾಡೆಮಿ ಹುಟ್ಟಿದ್ದು 1928ರಲ್ಲಿ, ಅದರ ಸಂಗೀತ ಕಲಾನಿಧಿ ಬಿರುದು ಮೊದಲ ಬಾರಿಗೆ ಒಬ್ಬ ಹೆಂಗಸಿಗೆ, ಸುಬ್ಬುಲಕ್ಷ್ಮಿಯವರಿಗೆ, ಸಿಕ್ಕಿದ್ದು 1968ರಲ್ಲಿ. ಪರದೇಶದಿಂದ ಒಂದು ಒಳ್ಳೆಯ ಯೋಚನೆ ತರುವವರು ಅದರ ಜೊತೆಗೆ ಅವರ ತಪ್ಪನ್ನೂ ಗಂಟುಕಟ್ಟಿ ತರಬೇಕೇ?

ಕೊನೆಗೆ ಕಾರ್ಯದರ್ಶಿಗಳು ರಾಜಿಗೆ ಬಂದರು. ‘ನಾಲ್ಕೈದು ಗಾಯಕಿಯರನ್ನು ಒಂದೇ ಫ್ರೇಮಿನಲ್ಲಿ ಹಾಕಿಸಿ ಊಟದ ಹಾಲಿನಲ್ಲಿ ಇಡೋಣ’ ಎಂದರು. ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಹಾಡಿದವರನ್ನೂ ಅಡಿಗೆಮನೆಯ ಬಾಗಿಲಿಗೇ ತಂದು ನಿಲ್ಲಿಸಿದರಲ್ಲ! ಒಂದೇ ಫ್ರೇಮು ಎಂದರೆ ನೆನಪಾಯಿತು. ಸಂಗೀತದ ತ್ರಿಮೂರ್ತಿಗಳು ಅಂಗಡಿಯಲ್ಲಿ ಸಿಗುವುದೇ ಒಂದು ಪಟದಲ್ಲಿ, ನಮ್ಮೆಲ್ಲರ ಮನೆಯಲ್ಲೂ ಹಾಗೆಯೇ ಕೂತಿದ್ದಾರೆ. ಇಲ್ಲೂ ಒಟ್ಟಿಗೆ ಕೂತರೆ ಎರಡು ಮೊಳೆ ಖಾಲಿ. ಒಂದು ಗಂಗೂಬಾಯಿಯವರಿಗೆ, ಒಂದು ನಾಗರತ್ನಮ್ಮನವರಿಗೆ. ಇಬ್ಬರೂ ಕನ್ನಡ ನಾಡಿನಲ್ಲೇ ಹುಟ್ಟಿದವರು, ಆ ತಕರಾರೂ ಇಲ್ಲ. ಸುಬ್ಬುಲಕ್ಷ್ಮಿಯವರ ಮಾತನ್ನು ಮುಂದಿನ ಜಗಳಕ್ಕೆ ಇಟ್ಟುಕೊಂಡಿದ್ದೇನೆ, ಬಿಟ್ಟಿಲ್ಲ.

‘ಎರಡು ಪಟಕ್ಕೆ ಇಷ್ಟು ರಂಪವೇ?’ ಎಂದು ಮನೆಯಲ್ಲಿ ಕೇಳಿದರು. ಪ್ರತಿ ಭಾನುವಾರ ಬೆಳಿಗ್ಗೆ ಆ ಹಾಲಿನಲ್ಲಿ ಸಂಗೀತದ ಪಾಠ ನಡೆಯುತ್ತದೆ. ಜಮಖಾನೆಯ ಮೇಲೆ ಕೂತು ಸರಳೆ ಜಂಟಿ ಹೇಳುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಮದುವೆಯಾದ ಮೇಲೆ ಅವರಲ್ಲಿ ಎಷ್ಟು ಜನರ ತಂಬೂರಿ ಅಟ್ಟ ಸೇರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನದು ಸೇರಿ ಮೂವತ್ತು ವರ್ಷವಾಯಿತು. ಹಾಡುತ್ತ ತಲೆಯೆತ್ತಿದರೆ ಎದುರಿಗೆ ಹನ್ನೆರಡು ಗಂಡಸರು. ‘ನೀನು ಕಲಿ, ಆದರೆ ಇಲ್ಲಿಗೆ ಬರುವ ಆಸೆ ಬೇಡ’ ಎಂದು ಆ ಗೋಡೆ ವಾರವಾರವೂ ಹೇಳುತ್ತಿದ್ದರೆ, ಅದು ಎರಡು ಪಟದ ಮಾತೇ?

ನಿಮ್ಮೂರಲ್ಲೂ ಸಭೆ ಇರಬಹುದು, ಗೋಡೆ ಇರಬಹುದು. ಮುಂದಿನ ಕಚೇರಿಗೆ ಹೋದಾಗ ಒಮ್ಮೆ ಎಣಿಸಿ ಬನ್ನಿ. ನಮ್ಮ ಕಮಿಟಿ ಬರುವ ಭಾನುವಾರ ಮತ್ತೆ ಸೇರುತ್ತದೆ. ಎರಡು ಪಟಗಳಿಗೆ ಕಟ್ಟು ಹಾಕಲು ಆಗಲೇ ಕೊಟ್ಟು ಬಂದಿದ್ದೇನೆ, ನನ್ನದೇ ದುಡ್ಡಿನಲ್ಲಿ.