ಹಣೆಬರಹವಲ್ಲ, ಹೊಣೆಗೇಡಿತನ

ಹರಿದುಬಿದ್ದ ವಿದ್ಯುತ್ ತಂತಿಯನ್ನು ತುಳಿದು ಹೊಲದಲ್ಲಿ ರೈತನೊಬ್ಬನು ಅಸುನೀಗಿದನೆಂಬ ಸುದ್ದಿಗೆ ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲಿನ ಜಾಗ ದೊರೆಯುತ್ತದೆ. ಜೊತೆಗೆ ಎತ್ತುಗಳೂ ಸತ್ತಿದ್ದರೆ ಇನ್ನೊಂದು ಸಾಲು ಕೂಡುತ್ತದೆ. ಅಧಿಕಾರಿಗಳು ಬಂದು ಪಂಚನಾಮೆ ನಡೆಸುತ್ತಾರೆ. ಜನಪ್ರತಿನಿಧಿಗಳು ಬಂದು ಸಾಂತ್ವನ ಹೇಳುತ್ತಾರೆ. ಊರ ಹಿರಿಯರು 'ಅವನ ಹಣೆಯಲ್ಲಿ ಬರೆದದ್ದೇ ಅಷ್ಟು' ಎಂದು ನಿಟ್ಟುಸಿರು ಬಿಡುತ್ತಾರೆ. ಈ ಮಾತನ್ನು ನಾವು ಒಪ್ಪಲಾರೆವು. ಜೋತುಬಿದ್ದ ತಂತಿಯನ್ನು ಬಿಗಿಯದೆ ಬಿಟ್ಟವರು ಯಾರು, ವಾಲಿದ ಕಂಬವನ್ನು ಕಂಡೂ ಕಾಣದಂತೆ ನಡೆದವರು ಯಾರು ಎಂದು ಕೇಳಬೇಕಾದ ಹೊತ್ತಿನಲ್ಲಿ ವಿಧಿಯ ಹೆಸರನ್ನೆತ್ತುವುದು ಶರಣಧರ್ಮಕ್ಕೆ ಸಲ್ಲದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2021ನೆಯ ಇಸವಿಯೊಂದರಲ್ಲಿಯೇ ದೇಶದಲ್ಲಿ ವಿದ್ಯುದಾಘಾತದಿಂದ ಮಡಿದವರ ಸಂಖ್ಯೆ 12 ಸಾವಿರವನ್ನು ಮೀರಿತ್ತು. ಎಂದರೆ ದಿನವೊಂದಕ್ಕೆ ಮೂವತ್ತಕ್ಕೂ ಮಿಕ್ಕಿ ಜೀವಗಳು. ಇಷ್ಟೊಂದು ಜನರ ಹಣೆಯ ಮೇಲೆ ಒಂದೇ ಬರಹವನ್ನು ಬರೆಯುವ ವಿಧಿ ಯಾವುದು? ಆ ವಿಧಿಗೆ ಕಚೇರಿಯುಂಟು, ಮೇಜು ಕುರ್ಚಿಗಳುಂಟು, ವಾರ್ಷಿಕ ಆಯವ್ಯಯವೂ ಉಂಟು.

ನಮ್ಮ ನಾಡಿನ ವಿದ್ಯುತ್ತಿನ ಚರಿತ್ರೆಯು ಹಳ್ಳಿಗಳ ತಲೆಯ ಮೇಲಿಂದಲೇ ಆರಂಭವಾಯಿತು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರು ದೂರ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ನಡುವಿನ ಹಳ್ಳಿಗಳು ತಂತಿಯನ್ನು ತಲೆಯ ಮೇಲೆ ಹೊತ್ತು ಕತ್ತಲೆಯಲ್ಲಿಯೇ ಉಳಿದವು. ಇಂದು ಆ ಸ್ಥಿತಿಯಿಲ್ಲ. ಮನೆಮನೆಗೆ ದೀಪ ಬಂದಿದೆ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ತು ಉಚಿತ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಡಿ ಮನೆಗಳಿಗೂ ತಿಂಗಳಿಗೆ 200 ಯೂನಿಟ್ಟುಗಳ ಮಿತಿಯೊಳಗೆ ಉಚಿತ. ಬಡವನ ಮನೆಯ ದೀಪಕ್ಕೆ ಸರಕಾರ ಎಣ್ಣೆ ಎರೆದರೆ ಅದನ್ನು ಆಕ್ಷೇಪಿಸುವವರು ನಾವಲ್ಲ. ಆದರೆ 'ಉಚಿತ' ಎಂಬ ಈ ಮೂರಕ್ಷರದ ಮರೆಯಲ್ಲಿ ಏನೇನು ಅಡಗಿದೆ ಎಂಬುದನ್ನು ಬಿಚ್ಚಿ ನೋಡದಿರುವುದು ವಿವೇಕವಲ್ಲ.

ಟ್ರಾನ್ಸ್‌ಫಾರ್ಮರು ಸುಟ್ಟರೆ ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ತರಲು ರೈತರೇ ಪಟ್ಟಿ ಎತ್ತುವ ಊರುಗಳೆಷ್ಟಿಲ್ಲ? ವೋಲ್ಟೇಜು ಕುಸಿದು ಮೋಟಾರು ಸುಟ್ಟಾಗ ವೈಂಡಿಂಗ್ ಮಾಡಿಸುವ ಖರ್ಚು ಯಾರದು? ಹೊಸದಾಗಿ ಪಂಪ್‌ಸೆಟ್ಟಿಗೆ ಸಂಪರ್ಕ ಬೇಡುವ ರೈತನು ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ವೆಚ್ಚವನ್ನು ತಾನೇ ಭರಿಸಬೇಕೆಂದು 2023ರಲ್ಲಿ ಸರಕಾರ ತೀರ್ಮಾನಿಸಿತು. ವಿದ್ಯುತ್ ಸಿಬ್ಬಂದಿಯ ಪಿಂಚಣಿಗೆಂದು 2025ರ ಏಪ್ರಿಲಿನಿಂದ ಯೂನಿಟ್ಟಿಗೆ 36 ಪೈಸೆಯ ಹೆಚ್ಚುವರಿ ಭಾರ ಬಂದಿತು. ಅದು ಊರಿನ ಹಿಟ್ಟಿನ ಗಿರಣಿಯವನ ಬಿಲ್ಲಿನಲ್ಲಿಯೂ ಕುಳಿತಿತು. ರೈತನು ಒಂದು ಬಾಗಿಲಿನಲ್ಲಿ ಪಡೆದುದನ್ನು ಇನ್ನೊಂದು ಬಾಗಿಲಿನಲ್ಲಿ ಕೊಡುತ್ತಲೇ ಇದ್ದಾನೆ. ಇವೆಲ್ಲ ಹಣದ ಲೆಕ್ಕ. ಇದಕ್ಕಿಂತ ಘೋರವಾದುದು ಜೀವದ ಲೆಕ್ಕ. ಪಂಪ್‌ಸೆಟ್ಟುಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ಮೀಟರಿಲ್ಲದ ಮೇಲೆ ಎಷ್ಟು ವಿದ್ಯುತ್ತು ಹರಿಯಿತು, ಎಷ್ಟು ಸೋರಿತು, ಯಾವ ಟ್ರಾನ್ಸ್‌ಫಾರ್ಮರಿನ ಮೇಲೆ ತಾಳಲಾರದ ಭಾರ ಬಿದ್ದಿತು ಎಂಬುದು ಅಂದಾಜಿನ ಮಾತು. ಅಂದಾಜಿನಲ್ಲಿ ನಡೆಯುವ ವ್ಯವಹಾರದಲ್ಲಿ ಮೊದಲು ಮರೆಯಾಗುವುದು ದುರಸ್ತಿ. ಕಂಬ ಹಳೆಯದಾದರೂ ನಿಂತಿರುತ್ತದೆ, ತಂತಿ ಸವೆದರೂ ತೂಗಾಡುತ್ತಿರುತ್ತದೆ. ಮತ ತರುವುದು ಮನ್ನಾ ಮಾಡಿದ ಬಿಲ್ಲೇ ಹೊರತು ಬಿಗಿದು ಕಟ್ಟಿದ ತಂತಿಯಲ್ಲ.

'ಪುಕ್ಕಟೆ ಪಡೆಯುವವರಿಗೆ ಕೇಳುವ ಹಕ್ಕೆಲ್ಲಿ?' ಎಂದು ಆಡುವವರೂ ಉಂಟು. ಅವರಿಗೆ ದೇಶದ ಕಾನೂನೇ ಉತ್ತರ ಕೊಟ್ಟಿದೆ. ಮಳೆಯ ರಾತ್ರಿಯಲ್ಲಿ ಸೈಕಲ್ಲಿನ ಮೇಲೆ ಮನೆಗೆ ಮರಳುತ್ತಿದ್ದ ಕೂಲಿಕಾರನೊಬ್ಬನು ರಸ್ತೆಯ ಮೇಲೆ ಬಿದ್ದ ತಂತಿಗೆ ಬಲಿಯಾದನು. ಯಾರೋ ವಿದ್ಯುತ್ತನ್ನು ಕದಿಯಲು ಹಾಕಿದ ತಂತಿಯದು, ನಮ್ಮ ತಪ್ಪಲ್ಲ, ಎಂದು ಮಧ್ಯಪ್ರದೇಶದ ವಿದ್ಯುತ್ ಮಂಡಳಿ ವಾದಿಸಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ಜೀವಕ್ಕೆ ಅಪಾಯಕರವಾದ ವಸ್ತುವನ್ನು ಹರಿಸುವವರು ಅದರಿಂದಾಗುವ ಹಾನಿಗೆ ಹೊಣೆಗಾರರೇ, ಅವರ ಅಜಾಗರೂಕತೆಯನ್ನು ಬೇರೆಯಾಗಿ ಸಾಧಿಸಿ ತೋರಿಸಬೇಕಾದುದಿಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ. ಗ್ರಾಹಕನು ಹಣ ಕೊಟ್ಟನೋ ಇಲ್ಲವೋ ಎಂಬುದರ ಮೇಲೆ ಈ ಹೊಣೆ ನಿಂತಿಲ್ಲ.

ನಿಯಮಗಳಿಗೂ ಕೊರತೆಯಿಲ್ಲ. ರಸ್ತೆಗೆ ಅಡ್ಡಲಾಗಿ ಹಾಯುವ ಕೆಳಒತ್ತಡದ ತಂತಿಯು ನೆಲದಿಂದ ಕನಿಷ್ಠ 5.8 ಮೀಟರು, 11 ಕಿಲೋವೋಲ್ಟಿನ ತಂತಿಯು 6.1 ಮೀಟರು ಎತ್ತರದಲ್ಲಿರಬೇಕು. ಹೊಲಗಳ ಮೇಲೆ ಹಾಯುವ ಬರಿತಂತಿಯೂ 4.6 ಮೀಟರಿಗಿಂತ ಕೆಳಗಿಳಿಯಬಾರದು. ಮೇವಿನ ಬಂಡಿಯ ಮೇಲೆ ನಿಂತವನ ಕೈಗೆ ತಂತಿ ಎಟಕುವ ಹೊಲಗಳಲ್ಲಿ ಈ ಅಳತೆಗಳು ಎಲ್ಲಿ ಹೋದವು? ನಮ್ಮ ಎರೆಭೂಮಿಯು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಂಥದು. ಆಳವಾಗಿ ನೆಡದ ಕಂಬ ಅದರಲ್ಲಿ ನೆಟ್ಟಗೆ ನಿಲ್ಲದು. ಕಂಬ ವಾಲಿದರೆ ತಂತಿ ಜೋಲುತ್ತದೆ, ಗಾಳಿಗೆ ಒಂದಕ್ಕೊಂದು ತಾಗಿ ಹರಿಯುತ್ತದೆ. ಹರಿದುಬಿದ್ದ ತಂತಿಯಲ್ಲಿ ವಿದ್ಯುತ್ತು ತಾನಾಗಿ ನಿಲ್ಲುವುದೆಂಬ ನಂಬಿಕೆ ಅನೇಕರಲ್ಲಿದೆ. ಅದು ಮಾರಕವಾದ ನಂಬಿಕೆ. ಒಣನೆಲದ ಮೇಲೆ ಬಿದ್ದ ತಂತಿಯಿಂದ ಭೂಮಿಗೆ ಹರಿಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಉಪಕೇಂದ್ರದ ರಕ್ಷಣಾಯಂತ್ರವು ಅದನ್ನು ಗುರುತಿಸದೆ ಹೋಗಬಹುದು. ಇತ್ತ ಟ್ರಾನ್ಸ್‌ಫಾರ್ಮರಿನ ಭೂಸಂಪರ್ಕದ ಗುಂಡಿ ನೀರಿಲ್ಲದೆ ಒಣಗಿದ್ದು, ಫ್ಯೂಸಿನ ಜಾಗದಲ್ಲಿ ದಪ್ಪ ಅಲ್ಯೂಮಿನಿಯಂ ಎಳೆಗಳನ್ನು ಸುತ್ತಿದ್ದರೆ ಕೇಳುವುದೇ ಬೇಡ. ಕಿಡಿಯಿಲ್ಲದೆ, ಸದ್ದಿಲ್ಲದೆ ತಂತಿಯು ಹುಲ್ಲಿನ ನಡುವೆ ಜೀವಂತವಾಗಿ ಮಲಗಿರುತ್ತದೆ. ನಸುಕಿನಲ್ಲಿ ನೀರು ಹಾಯಿಸಲು ಹೊರಟ ರೈತನು ಅದನ್ನು ತುಳಿಯುತ್ತಾನೆ.

ಇಷ್ಟು ಹೇಳಿ ನಮ್ಮವರ ತಪ್ಪನ್ನು ಮುಚ್ಚಿಟ್ಟರೆ ಅದು ಪಕ್ಷಪಾತವಾದೀತು. ಕಂಬಕ್ಕೆ ಕೊಕ್ಕೆ ಹಾಕಿ ವಿದ್ಯುತ್ತು ಎಳೆಯುವುದು ಕಳವು. ಹಂದಿಯ ಕಾಟಕ್ಕೆಂದು ಬೇಲಿಗೆ ವಿದ್ಯುತ್ತು ಹರಿಸುವುದು ಕೊಲೆಗೆ ಹೊಂಚು ಹಾಕಿದಂತೆಯೇ. ನೆರೆಹೊಲದ ಮಗುವನ್ನು ಬೇಲಿ ಗುರುತಿಸದು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟು ನಿಲ್ಲಿಸಹೋಗಿ ಮೂವರು ತರುಣರು ವಿದ್ಯುತ್ತಿಗೆ ಆಹುತಿಯಾದರು. 2022ರ ಏಪ್ರಿಲಿನಲ್ಲಿ ತಮಿಳುನಾಡಿನ ತಂಜಾವೂರಿನ ಬಳಿ ದೇವರ ರಥವು ತಂತಿಗೆ ತಾಗಿ 11 ಜನರು ಮಡಿದರು. ಮಠಮಾನ್ಯಗಳ ಜಾತ್ರೆಗಳಲ್ಲಿ ವರ್ಷವರ್ಷವೂ ತೇರಿನ ಕಳಸವನ್ನು ಎತ್ತರಿಸುವ ಉತ್ಸಾಹವುಳ್ಳವರು ತೇರಿನ ಬೀದಿಯ ತಂತಿಯನ್ನು ತಲೆಯೆತ್ತಿ ನೋಡಿದ್ದಾರೆಯೆ? ಭಕ್ತರ ಪ್ರಾಣವನ್ನು ಪಣಕ್ಕಿಟ್ಟು ಎಳೆಯುವ ರಥದಿಂದ ಯಾವ ದೇವರೂ ಸಂತುಷ್ಟನಾಗಲಾರನು.

ಆದುದರಿಂದ ಗ್ರಾಮಸ್ಥರು ಕೇಳಬೇಕಾದುದೇನು? ಪ್ರತಿವರ್ಷ ಮುಂಗಾರಿಗೆ ಮೊದಲು ಊರಿನ ಎಲ್ಲ ಮಾರ್ಗಗಳ ತಪಾಸಣೆಯು ಗ್ರಾಮ ಪಂಚಾಯಿತಿಯ ಸಮಕ್ಷಮದಲ್ಲಿ ನಡೆಯಬೇಕು. ಅದರ ವರದಿಯನ್ನು ಗ್ರಾಮಸಭೆಯಲ್ಲಿ ಓದಬೇಕು. ಪ್ರತಿ ಟ್ರಾನ್ಸ್‌ಫಾರ್ಮರಿಗೂ ಮೀಟರು ಬೇಕು. ಅದು ರೈತನಿಂದ ಹಣ ಕೀಳಲಿಕ್ಕಲ್ಲ, ಭಾರ ಎಷ್ಟೆಂಬುದು ತಿಳಿಯಲಿಕ್ಕೆ. ತ್ರೀಫೇಸ್ ವಿದ್ಯುತ್ತು ಹಗಲಿನಲ್ಲಿಯೇ ಬರಬೇಕು; ರಾತ್ರಿಯಲ್ಲಿ ಕೊಟ್ಟು ರೈತನನ್ನು ಹಾವು ಚೇಳುಗಳ ನಡುವೆ, ಒದ್ದೆ ಕೈಯಿಂದ ಸ್ಟಾರ್ಟರು ಮುಟ್ಟಲು ಕಳುಹಿಸುವುದು ಕ್ರೌರ್ಯ. ಕಂಬ ಹತ್ತುವ ಮಾರ್ಗದಾಳಿಗೆ ಕೈಗವಸು ಮತ್ತು ಸುರಕ್ಷಾಪಟ್ಟಿ ಬೇಕು. ಅವನೂ ಒಬ್ಬ ತಾಯಿಯ ಮಗನೇ. ಅಪಘಾತವಾದಾಗ ವಿದ್ಯುತ್ ಪರಿವೀಕ್ಷಕರ ವರದಿಯು ಮೃತನ ಕುಟುಂಬದ ಕೈ ಸೇರಬೇಕು. ಜೋತುಬಿದ್ದ ತಂತಿಯನ್ನು ಕಂಡವರು 1912ಕ್ಕೆ ತಿಳಿಸಿ ಸುಮ್ಮನಾಗದೆ, ಲಿಖಿತ ದೂರು ಕೊಟ್ಟು ಸ್ವೀಕೃತಿಯನ್ನು ಪಡೆದಿಟ್ಟುಕೊಳ್ಳಬೇಕು. ನಾಳೆ 'ನಮಗೆ ತಿಳಿದಿರಲಿಲ್ಲ' ಎಂಬ ಮಾತಿಗೆ ಆ ಚೀಟಿಯೇ ಉತ್ತರ.

ಪಂಚಾಚಾರಗಳನ್ನು ಜನ್ಮದಾರಭ್ಯ ಕೇಳುತ್ತ ಬಂದವರು ನಾವು. ಕಳವಿನ ವಿದ್ಯುತ್ತನ್ನು ತೊರೆಯುವುದು ಸದಾಚಾರ. ನೆರೆಯವನ ಪ್ರಾಣಕ್ಕೆ ಎರವಾಗುವ ಅನ್ಯಾಯವನ್ನು ಸಹಿಸದೆ ಎದುರಿಸಿ ನಿಲ್ಲುವುದು ಗಣಾಚಾರ. ಮೊದಲನೆಯದನ್ನು ಪಾಲಿಸಿದವನ ಬಾಯಲ್ಲಿ ಎರಡನೆಯದಕ್ಕೆ ಬಲ ಬರುತ್ತದೆ. ಕಾಯಕಕ್ಕೆ ಹೊರಟ ಜೀವವು ಸಂಜೆ ಸುರಕ್ಷಿತವಾಗಿ ಮನೆಗೆ ಮರಳಬೇಕೆಂದು ಕೇಳುವುದು ದಾನ ಬೇಡಿದಂತಲ್ಲ, ನ್ಯಾಯ ಕೇಳಿದಂತೆ. ಈ ಬಾರಿ ಮತ ಕೇಳಲು ಬರುವವರನ್ನು ಭಕ್ತರು ಎಷ್ಟು ಯೂನಿಟ್ಟು ಉಚಿತವೆಂದು ಕೇಳದಿರಲಿ. ಕೈಹಿಡಿದು ಹೊಲಕ್ಕೆ ಕರೆದೊಯ್ದು, ಜೋತುಬಿದ್ದ ಆ ತಂತಿಯ ಕೆಳಗೆ ನಿಲ್ಲಿಸಿ ಮಾತಾಡಲಿ.