ಮಳೆಯ ಲೆಕ್ಕ ಊರಿನ ಕೈಯಲ್ಲಿರಲಿ

ಮಲೆನಾಡಿನಲ್ಲಿ ಗುಡ್ಡದ ಆಚೆಗೊಂದು ಮಳೆ, ಈಚೆಗೊಂದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಸುರಿದರೆ, ಅದೇ ಜಿಲ್ಲೆಯ ಕೇಂದ್ರವಾದ ಶಿವಮೊಗ್ಗಕ್ಕೆ ದೊರೆಯುವುದು ಅದರ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹೀಗಿರುವಾಗ ಪಂಚಾಯಿತಿಗೊಂದರಂತೆ ನಿಂತ ಮಾಪಕದ ಅಂಕಿಯನ್ನೇ ಇಡೀ ಕಣಿವೆಯ ಮಳೆಯೆಂದು ಒಪ್ಪಿಕೊಳ್ಳುವುದು ಎಷ್ಟರಮಟ್ಟಿಗೆ ಸರಿ?

ಇದು ಪಾಠಪುಸ್ತಕದ ಪ್ರಶ್ನೆಯಲ್ಲ. 2016ರಲ್ಲಿ ಪುನರ್‌ರಚನೆಗೊಂಡ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರವನ್ನು ನಿರ್ಧರಿಸುವುದು ಕೊಳೆರೋಗದಿಂದ ಉದುರಿದ ಅಡಿಕೆಯ ರಾಶಿಯಲ್ಲ, ಮಾಪನ ಕೇಂದ್ರದಲ್ಲಿ ದಾಖಲಾದ ಅಂಕಿಗಳು. ಮಳೆ ಅಳೆಯುವ ಪಾತ್ರೆಯನ್ನು ಉಗ್ರಾಣದಲ್ಲಿ ಇರಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಮಳೆಯ ಲೆಕ್ಕಕ್ಕೂ ಆಡಳಿತದ ಲೆಕ್ಕಕ್ಕೂ ಇರುವ ನಂಟು ಅಷ್ಟು ಹಳೆಯದು.

ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ಸಮತಟ್ಟಾದ ನೆಲದ ಮೇಲೆ ಎಷ್ಟು ಆಳ ನಿಲ್ಲುತ್ತಿತ್ತೋ ಅದೇ ಮಳೆಯ ಪ್ರಮಾಣ. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್. ದಿನಕ್ಕೆ 200 ಮಿಲಿಮೀಟರ್ ಸುರಿದರೆ ಒಂದೆಕರೆಯ ಮೇಲೆ ಬೀಳುವುದು ಸುಮಾರು ಎಂಟು ಲಕ್ಷ ಲೀಟರ್. ಬುಡ ಕೊರೆಸಿಕೊಂಡ ಗುಡ್ಡ ಜರಿಯುವುದೇಕೆಂಬುದಕ್ಕೆ ಈ ಲೆಕ್ಕದಲ್ಲಿಯೇ ಉತ್ತರವಿದೆ.

ಸ್ವಯಂಚಾಲಿತ ಮಾಪಕಗಳಲ್ಲಿ ಸಾಮಾನ್ಯವಾಗಿ ತಕ್ಕಡಿಯಂತೆ ವಾಲುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿ ವಾಲಿದಾಗ ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಯಂತ್ರ ಎಣಿಸುವುದು ಈ ವಾಲುವಿಕೆಯನ್ನು. ಮಳೆ ಬಿರುಸಾದಾಗ ವಾಲುವ ಕ್ಷಣದಲ್ಲಿ ಕೊಂಚ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಗಾಳಿ ಹನಿಗಳನ್ನು ಬಾಯಿಯಿಂದಾಚೆ ಒಯ್ಯುತ್ತದೆ. ಆಲಿಕೆಗೆ ತರಗೆಲೆ ಕಟ್ಟಿಕೊಂಡರೆ ಲೆಕ್ಕವೇ ತಪ್ಪುತ್ತದೆ. ಈ ದೋಷಗಳೆಲ್ಲ ಹೆಚ್ಚಾಗಿ ಮಳೆಯನ್ನು ಕಡಿಮೆಯಾಗಿಯೇ ತೋರಿಸುತ್ತವೆ ಎಂಬುದನ್ನು ಬೆಳೆಗಾರರು ಗಮನಿಸಬೇಕು.

ಇದರ ಅರ್ಥ ಯಂತ್ರ ಬೇಡವೆಂದಲ್ಲ. ಅದಕ್ಕೆ ಸಾಕ್ಷಿಗಳು ಬೇಕು. ನೇರ ಗೋಡೆಯ, ಚಪ್ಪಟೆ ತಳದ ಯಾವುದೇ ಪಾತ್ರೆ ಮಾಪಕವಾಗಬಲ್ಲದು. ಬಾಯಿಯ ಅಗಲ ಎಷ್ಟೇ ಇರಲಿ, ಒಳಗೆ ನಿಂತ ನೀರಿನ ಆಳವೇ ಮಳೆಯ ಅಳತೆ. ಅದನ್ನು ಅಡಿಕೆ ಮರದ ನೆರಳಲ್ಲಿ ಇಡಬಾರದು. ಮರದ ಎತ್ತರದ ಇಮ್ಮಡಿಯಷ್ಟಾದರೂ ದೂರವಿರಬೇಕು. ಹವಾಮಾನ ಇಲಾಖೆಯ ಕ್ರಮದಂತೆ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು, ಬರೆದು, ಪಾತ್ರೆಯನ್ನು ಬರಿದು ಮಾಡಬೇಕು. ಮಳೆಯಿಲ್ಲದ ದಿನವೂ ಸೊನ್ನೆಯೆಂದು ಬರೆಯಲೇಬೇಕು.

ಇಂತಹ ಪುಸ್ತಕವನ್ನು ತೋರಿಸಿದ ಮಾತ್ರಕ್ಕೆ ವಿಮೆಯ ಹಣ ಬಾರದು. ಆದರೆ ಒಂದೇ ಕಣಿವೆಯ ಐದಾರು ಶಾಲೆಗಳ ದಾಖಲೆಗಳು ಒಂದನ್ನು ಹೇಳಿ, ಪಂಚಾಯಿತಿಯ ಮಾಪಕ ಇನ್ನೊಂದನ್ನು ಹೇಳಿದರೆ, ಮಾಪಕವನ್ನು ಪರೀಕ್ಷಿಸಿರೆಂದು ಗ್ರಾಮಸಭೆ ಆಧಾರಸಹಿತವಾಗಿ ಕೇಳಬಲ್ಲದು. "ಈ ವರ್ಷ ವಿಪರೀತ ಮಳೆ" ಎಂಬ ಮಾತು ಕಚೇರಿಯ ಬಾಗಿಲಲ್ಲೇ ಉಳಿಯುತ್ತದೆ. ತಾರೀಖು ಸಹಿತ ಬರೆದ ಅಂಕಿ ಮೇಜಿನವರೆಗೆ ಹೋಗುತ್ತದೆ. ಮುಂದಿನ ಮೃಗಶಿರಾ ಮಳೆ ಹಿಡಿಯುವ ಮೊದಲೇ ಊರಿಗೊಂದು ಪಾತ್ರೆ, ಶಾಲೆಗೊಂದು ಪುಸ್ತಕ ಸಿದ್ಧವಾಗಲಿ.