ಅಂಗಿಯ ಬಣ್ಣದಿಂದ ವೈರ ಹುಟ್ಟದು

2018ರ ನವೆಂಬರ್ 12ರ ರಾತ್ರಿ, ಅಮೆರಿಕದ ಕ್ಯಾನ್ಸಸ್ ಸಿಟಿ. ಡಬ್ಲ್ಯುಡಬ್ಲ್ಯುಇ ಕಂಪನಿಯ ಸೋಮವಾರದ ಕಾರ್ಯಕ್ರಮ 'ರಾ' ಮುಗಿಯುವ ಹೊತ್ತಿಗೆ ಮಂಗಳವಾರದ 'ಸ್ಮ್ಯಾಕ್‌ಡೌನ್' ಬಣದ ಹೆಣ್ಣುಮಕ್ಕಳು ರಿಂಗಿಗೆ ನುಗ್ಗಿದರು. ಆ ಗದ್ದಲದಲ್ಲಿ ನಯಾ ಜ್ಯಾಕ್ಸ್ ಬೀಸಿದ ಗುದ್ದು ಲೆಕ್ಕ ತಪ್ಪಿ ಬೆಕಿ ಲಿಂಚ್ ಮುಖಕ್ಕೆ ನಿಜವಾಗಿಯೇ ಬಿತ್ತು. ಮೂಗು ಒಡೆಯಿತು, ತಲೆಗೂ ಪೆಟ್ಟಾಯಿತು. ಆದರೂ ಬೆಕಿ ನಿಲ್ಲಲಿಲ್ಲ. ರಾ ಬಣದ ಚಾಂಪಿಯನ್ ರೊಂಡಾ ರೌಸಿಗೆ ಕುರ್ಚಿಯಿಂದ ಬಾರಿಸಿ, ಮುಖದ ತುಂಬ ರಕ್ತ ಸುರಿಯುತ್ತಿರುವಾಗಲೇ ಪ್ರೇಕ್ಷಕರ ನಡುವೆ ಹೋಗಿ ನಿಂತು ಎರಡೂ ಕೈ ಚಾಚಿದಳು. ಇನ್ನೊಂದು ಬಣದ ಮನೆಗೇ ನುಗ್ಗಿ ಬಂದವಳಿಗೆ ಆ ಮನೆಯ ಪ್ರೇಕ್ಷಕರೇ ಜೈಕಾರ ಹಾಕಿದರು. ಎರಡು ಬಣಗಳ ವೈರ ಹೇಗಿರಬೇಕು ಎಂದು ಕೇಳಿದವರಿಗೆ ತೋರಿಸಲು ಆ ಕೆಲವು ನಿಮಿಷಗಳು ಸಾಕು.

ಆರು ದಿನ ಕಳೆದು, ಲಾಸ್ ಏಂಜಲೀಸ್‌ನಲ್ಲಿ ಅದೇ ಎರಡು ಬಣಗಳ ನಡುವಿನ ವಾರ್ಷಿಕ ಕಾಳಗ 'ಸರ್ವೈವರ್ ಸೀರೀಸ್' ನಡೆಯಿತು. ಗಾಯಗೊಂಡ ಬೆಕಿ ಕಣಕ್ಕಿಳಿಯಲಿಲ್ಲ. ಮುಖ್ಯ ಕಾರ್ಯಕ್ರಮದಲ್ಲಿ ಬಣ-ಬಣಗಳ ನಡುವೆ ನಡೆದ ಆರು ಪಂದ್ಯಗಳಲ್ಲಿ ಆರೂ ರಾ ಪಾಲಾದವು. ಸ್ಮ್ಯಾಕ್‌ಡೌನ್ ಗೆದ್ದದ್ದು ಮುಖ್ಯ ಕಾರ್ಯಕ್ರಮ ಶುರುವಾಗುವ ಮೊದಲಿನ ಒಂದೇ ಒಂದು ಪಂದ್ಯ. ಇಷ್ಟು ಹೀನಾಯವಾಗಿ ಸೋತ ಬಣ ಏನು ಕಳೆದುಕೊಂಡಿತು? ಏನೂ ಇಲ್ಲ. ಗೆದ್ದವರಿಗೆ ಸಿಕ್ಕಿದ್ದೇನು? ಅದೂ ಏನೂ ಇಲ್ಲ. ಮರುವಾರ ಎರಡೂ ಕಾರ್ಯಕ್ರಮಗಳು ತಮ್ಮ ತಮ್ಮ ಕಥೆಗಳಿಗೆ ಮರಳಿದವು.

ರೆಸ್ಲಿಂಗ್‌ನಲ್ಲಿ ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ಇಂದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಹಾಗಿದ್ದ ಮೇಲೆ ಅದರಲ್ಲಿ ವಿಮರ್ಶೆ ಮಾಡಲು ಏನಿದೆ ಎಂದು ಕೇಳುವವರಿದ್ದಾರೆ. ಫಲಿತಾಂಶ ಯಾರದೋ ಕೈಯಲ್ಲಿರುವುದರಿಂದಲೇ ವಿಮರ್ಶೆ ಬೇಕು. ಕ್ರಿಕೆಟ್‌ನಲ್ಲಿ ತಂಡ ಸೋತರೆ ಆಟಗಾರರನ್ನು ದೂರಬಹುದು, ಪಿಚ್ಚನ್ನು ದೂರಬಹುದು. ಇಲ್ಲಿ ಪ್ರತಿ ಸೋಲಿಗೂ ಅದನ್ನು ಬರೆದವರು ಹೊಣೆ. ಯಾರು ಗೆದ್ದರು ಎನ್ನುವುದಕ್ಕಿಂತ ಗೆಲುವಿಗೆ ತಕ್ಕ ದಾರಿ ಇತ್ತೇ, ಸೋತವರು ರಿಂಗಿನಿಂದ ಇಳಿಯುವಾಗ ಪ್ರೇಕ್ಷಕರ ಕಣ್ಣಲ್ಲಿ ಬೆಳೆದಿದ್ದರೇ, ನಾಳೆ ಹೇಳಲು ಕಥೆ ಉಳಿಯಿತೇ ಎಂದು ನೋಡಬೇಕು. ಈ ಅಳತೆಯಲ್ಲಿ ಬಣಕಾಳಗದ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಸೋಲುತ್ತವೆ. ಅದಕ್ಕೆ ಕಾರಣ ರಿಂಗಿನೊಳಗಿನ ಪಟುಗಳಲ್ಲ.

ಈ ಸೋಲಿನ ಚರಿತ್ರೆ ಹೇಳಬೇಕಾದರೆ 2001ಕ್ಕೆ ಹೋಗಬೇಕು. ತೊಂಬತ್ತರ ದಶಕದಲ್ಲಿ ಅಮೆರಿಕದ ರೆಸ್ಲಿಂಗ್ ಅಭಿಮಾನಿಗಳು ಎರಡು ಪಾಳಯಗಳಾಗಿದ್ದರು. ವಿನ್ಸ್ ಮೆಕ್‌ಮಹೊನ್ ಅವರ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ಒಂದು ಕಡೆ, ಟೆಡ್ ಟರ್ನರ್ ಅವರ ಡಬ್ಲ್ಯುಸಿಡಬ್ಲ್ಯು ಇನ್ನೊಂದು ಕಡೆ. 1995ರ ಸೆಪ್ಟೆಂಬರ್‌ನಿಂದ ಎರಡೂ ಸೋಮವಾರ ರಾತ್ರಿ ಒಂದೇ ಹೊತ್ತಿಗೆ ಟಿವಿಯಲ್ಲಿ ಬರತೊಡಗಿದವು. 1996ರಿಂದ 1998ರ ನಡುವೆ ಡಬ್ಲ್ಯುಸಿಡಬ್ಲ್ಯುನ 'ನೈಟ್ರೊ' ಸತತ 83 ವಾರ ರೇಟಿಂಗ್‌ನಲ್ಲಿ ಮುಂದಿತ್ತು. ಅದೇ ಕಾಲದಲ್ಲಿ ನಮ್ಮ ಊರುಗಳಿಗೆ ಕೇಬಲ್ ಟಿವಿ ಬಂತು. ಕರ್ನಾಟಕದ ಎಷ್ಟೋ ಮಕ್ಕಳು ಎತ್ತರ, ತೂಕ, ಎದೆಯ ಸುತ್ತಳತೆ ಅಚ್ಚಾದ ಟ್ರಂಪ್ ಕಾರ್ಡುಗಳಲ್ಲಿ ಅಂಡರ್‌ಟೇಕರ್‌ನನ್ನೂ ಹಲ್ಕ್ ಹೋಗನ್‌ನನ್ನೂ ಎದುರುಬದುರು ನಿಲ್ಲಿಸಿ ಆಡಿದರು. ಈ ಎರಡು ಪಾಳಯಗಳು ನಿಜಕ್ಕೂ ಒಂದೇ ರಿಂಗಿನಲ್ಲಿ ಎದುರಾದರೆ ಹೇಗಿದ್ದೀತು ಎಂಬ ಆಸೆ ಲಕ್ಷಾಂತರ ಜನರಲ್ಲಿತ್ತು.

2001ರ ಮಾರ್ಚ್‌ನಲ್ಲಿ ಮೆಕ್‌ಮಹೊನ್ ಡಬ್ಲ್ಯುಸಿಡಬ್ಲ್ಯುವನ್ನೇ ಕೊಂಡುಕೊಂಡರು. ಜುಲೈ 22ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಎರಡೂ ಪಾಳಯಗಳನ್ನು ಎದುರಾಗಿಸಿದ 'ಇನ್ವೇಶನ್' ಕಾರ್ಯಕ್ರಮ ನಡೆಯಿತು. ದುಡ್ಡು ಕೊಟ್ಟು ನೋಡಿದ ಮನೆಗಳ ಸಂಖ್ಯೆ ಏಳು ಲಕ್ಷ ದಾಟಿತು. ವರ್ಷದ ಅತಿದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾ ಹೊರತುಪಡಿಸಿದ ಕಾರ್ಯಕ್ರಮಕ್ಕೆ ಇದು ಬಹಳ ದೊಡ್ಡ ಅಂಕಿ. ಜನ ಕಾದಿದ್ದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಅವರಿಗೆ ಸಿಕ್ಕಿದ್ದೇನು? ಗೋಲ್ಡ್‌ಬರ್ಗ್, ಸ್ಟಿಂಗ್, ಹೋಗನ್, ಕೆವಿನ್ ನ್ಯಾಶ್, ರಿಕ್ ಫ್ಲೇರ್ ಇವರಲ್ಲಿ ಒಬ್ಬರೂ ಬರಲಿಲ್ಲ. ಡಬ್ಲ್ಯುಸಿಡಬ್ಲ್ಯುನ ಹಿಂದಿನ ಮಾತೃಸಂಸ್ಥೆ ಟೈಮ್ ವಾರ್ನರ್ ಜೊತೆಗಿನ ಒಪ್ಪಂದದಂತೆ ಮನೆಯಲ್ಲಿ ಕುಳಿತಿದ್ದರೂ ಅವರಿಗೆ ಸಂಬಳ ಬರುತ್ತಿತ್ತು. ಅವರನ್ನು ಬಿಡಿಸಿ ತರುವ ದುಬಾರಿ ಉಸಾಬರಿಗೆ ಹೊಸ ಮಾಲೀಕರು ಕೈಹಾಕಲಿಲ್ಲ. ಬಂದವರ ಗತಿ ಇನ್ನೂ ಬೇಸರದ್ದು. ಡಬ್ಲ್ಯುಸಿಡಬ್ಲ್ಯುನಲ್ಲಿ ಜನಸಾಮಾನ್ಯರ ನಾಯಕನಾಗಿದ್ದ ಡೈಮಂಡ್ ಡಲ್ಲಾಸ್ ಪೇಜ್ ಇಲ್ಲಿ ಅಂಡರ್‌ಟೇಕರ್‌ನ ಹೆಂಡತಿಯನ್ನು ಕದ್ದು ಹಿಂಬಾಲಿಸುವವನ ಪಾತ್ರ ಮಾಡಬೇಕಾಯಿತು. ಆಗಸ್ಟ್‌ನ 'ಸಮ್ಮರ್‌ಸ್ಲ್ಯಾಮ್'ನಲ್ಲಿ ಬುಕರ್ ಟಿ ಕೈಯಲ್ಲಿದ್ದ ಡಬ್ಲ್ಯುಸಿಡಬ್ಲ್ಯು ಚಾಂಪಿಯನ್ ಬೆಲ್ಟನ್ನು ಡಬ್ಲ್ಯುಡಬ್ಲ್ಯುಎಫ್‌ನ ದಿ ರಾಕ್ ಕಸಿದುಕೊಂಡ. ದಾಳಿ ಮಾಡಲು ಬಂದ ಸೈನ್ಯದ ಬಾವುಟವೇ ಎದುರಾಳಿಯ ಕೈಗೆ ಹೋಯಿತು.

ನವೆಂಬರ್ 18ರಂದು ಗ್ರೀನ್ಸ್‌ಬರೋದಲ್ಲಿ ಕೊನೆಯ ಯುದ್ಧ. ಸೋತ ಬಣ ಮುಚ್ಚಿಹೋಗಬೇಕು ಎಂಬ ಷರತ್ತು. ಆ ರಾತ್ರಿ ದಾಳಿಕೋರರ ತಂಡದಲ್ಲಿದ್ದ ಐವರು ಸ್ಟೀವ್ ಆಸ್ಟಿನ್, ಕರ್ಟ್ ಆಂಗಲ್, ಶೇನ್ ಮೆಕ್‌ಮಹೊನ್, ಬುಕರ್ ಟಿ, ರಾಬ್ ವ್ಯಾನ್ ಡ್ಯಾಮ್. ಮೊದಲ ಇಬ್ಬರು ಡಬ್ಲ್ಯುಡಬ್ಲ್ಯುಎಫ್‌ನಲ್ಲೇ ದೊಡ್ಡ ಹೆಸರಾದವರು, ಮೂರನೆಯವನು ಮಾಲೀಕನ ಮಗ. ಹೊರಗಿನಿಂದ ಬಂದವರೆಂದು ನಿಜವಾಗಿ ಹೇಳಬಹುದಾದವರು ಇಬ್ಬರೇ. ಕೊನೆಗೆ ಆಂಗಲ್ ತನ್ನ ಬಣಕ್ಕೇ ಕೈಕೊಟ್ಟು ಆಸ್ಟಿನ್‌ಗೆ ಬೆಲ್ಟಿನಿಂದ ಹೊಡೆದ, ರಾಕ್ ಗೆದ್ದ. ಅಭಿಮಾನಿಗಳು ವರ್ಷಗಟ್ಟಲೆ ಕನಸು ಕಂಡ ಕದನ ಜುಲೈಯಲ್ಲಿ ಶುರುವಾಗಿ ನವೆಂಬರಿನಲ್ಲಿ ಕಣ್ಮುಚ್ಚಿತು. ಮರುದಿನವೇ ಫ್ಲೇರ್ ಬಂದರು. 2002ರ ಫೆಬ್ರುವರಿಯಲ್ಲಿ ಹೋಗನ್, ನ್ಯಾಶ್ ಬಂದರು. 2003ರಲ್ಲಿ ಗೋಲ್ಡ್‌ಬರ್ಗ್, 2014ರಲ್ಲಿ ಸ್ಟಿಂಗ್. ತಾಳ್ಮೆ ಇದ್ದಿದ್ದರೆ ಅದೊಂದೇ ಕಥೆ ಎರಡು ವರ್ಷ ನಡೆಯುತ್ತಿತ್ತು. ಗೆದ್ದ ಕಂಪನಿಗೆ ತನ್ನ ಗೆಲುವನ್ನು ಮತ್ತೆ ಮತ್ತೆ ತೋರಿಸಿಕೊಳ್ಳುವ ಚಪಲ ಹೆಚ್ಚಾಯಿತು. ರೆಸ್ಲಿಂಗ್ ಕಥೆಗಾರಿಕೆಯಲ್ಲಿ ಇದಕ್ಕಿಂತ ದೊಡ್ಡ ಅವಕಾಶ ಹಾಳಾದ ಉದಾಹರಣೆ ಇನ್ನೊಂದಿಲ್ಲ.

ಇದನ್ನೇ ಜಪಾನ್ ಆರು ವರ್ಷ ಮೊದಲು ಎಷ್ಟು ಚೆನ್ನಾಗಿ ಮಾಡಿತ್ತು! ಅಲ್ಲಿನ ಯುಡಬ್ಲ್ಯುಎಫ್‌ಐ ಕಂಪನಿ ತನ್ನದು ಅಸಲಿ ಕಾದಾಟದ ಶೈಲಿ, ಉಳಿದವರದು ತೋರಿಕೆ ಎಂದು ಹೇಳಿಕೊಳ್ಳುತ್ತಿತ್ತು. ಹಣದ ಮುಗ್ಗಟ್ಟಿಗೆ ಸಿಕ್ಕಿದಾಗ ಅದು ತಾನು ಹೀಗಳೆಯುತ್ತಿದ್ದ ನ್ಯೂ ಜಪಾನ್ ಕಂಪನಿಯ ಎದುರು ಕಣಕ್ಕಿಳಿಯಲು ಒಪ್ಪಿತು. 1995ರ ಅಕ್ಟೋಬರ್ 9ರಂದು ಟೋಕಿಯೊ ಡೋಮ್‌ನಲ್ಲಿ ನೆರೆದ ಜನ 67,000 ಎಂದು ಸಂಘಟಕರು ಸಾರಿದರು. ಕೊನೆಯ ಪಂದ್ಯದಲ್ಲಿ ಕೇಜಿ ಮುತೊ ನೊಬುಹಿಕೊ ತಕಾಡನನ್ನು ಸೋಲಿಸಿದ್ದು 'ಫಿಗರ್ ಫೋರ್' ಎಂಬ ಕಾಲು ತಿರುಚುವ ಹಳೆಯ ಪಟ್ಟಿನಿಂದ. ಅಸಲಿ ಶೈಲಿಯವರು ನಾಟಕವೆಂದು ಮೂದಲಿಸುತ್ತಿದ್ದ ಪಟ್ಟು ಅದು. ಆ ಒಂದು ಪಟ್ಟಿನಲ್ಲೇ ಇಡೀ ವಾದಕ್ಕೆ ಉತ್ತರವಿತ್ತು. ಇನ್ನೊಂದು ಜಾಣತನವನ್ನು ಗಮನಿಸಬೇಕು. ಮರು ಜನವರಿ 4ರಂದು ಅದೇ ಡೋಮ್‌ನಲ್ಲಿ ತಕಾಡ ಗೆದ್ದು ನ್ಯೂ ಜಪಾನ್‌ನ ಪಟ್ಟವನ್ನೇ ಹೊತ್ತೊಯ್ದ. ಏಪ್ರಿಲ್‌ನಲ್ಲಿ ಶಿನ್ಯಾ ಹಶಿಮೊಟೊ ಅದನ್ನು ಮರಳಿ ತಂದ. ಕೊನೆಗೆ ಮೇಲುಗೈ ಯಾರದಾಗಬೇಕಿತ್ತೋ ಅವರದೇ ಆಯಿತು, 1996 ಮುಗಿಯುವಷ್ಟರಲ್ಲಿ ಯುಡಬ್ಲ್ಯುಎಫ್‌ಐ ಬಾಗಿಲು ಮುಚ್ಚಿತು. ನಡುವೆ ಮಾತ್ರ ಎದುರಾಳಿಗೆ ನಿಜವಾದ ಬಲ, ನಿಜವಾದ ಗೆಲುವು ಕೊಟ್ಟಿದ್ದರು. ಪ್ರೇಕ್ಷಕರು ಆ ಮೂರೂ ರಾತ್ರಿ ತಮ್ಮ ಕಂಪನಿಗಾಗಿ ಹೆದರಿದರು.

ಕರಾವಳಿಯ ಯಕ್ಷಗಾನದ ಜೋಡಾಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ಮೇಳ, ಅಕ್ಕಪಕ್ಕ ಎರಡು ರಂಗಸ್ಥಳ, ಒಂದೇ ಪ್ರಸಂಗ. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ಈ ಭಾಗವತರ ಪದ ಮೇಲೋ, ಆ ಮೇಳದ ಬಣ್ಣದ ವೇಷ ಮೇಲೋ ಎಂದು ಜನ ರಾತ್ರಿಯಿಡೀ ಆ ಕಡೆಗೂ ಈ ಕಡೆಗೂ ಸರಿಯುತ್ತಾರೆ. ಮೇಳಗಳಿಗೆ ತಮ್ಮದೇ ಪರಂಪರೆ, ತಮ್ಮದೇ ಅಭಿಮಾನಿಗಳು ಇರುವುದರಿಂದ ಅಲ್ಲಿ ಪೈಪೋಟಿ ಏರುತ್ತದೆ. ಒಂದೇ ಮೇಳದವರನ್ನು ಸಂಜೆ ಎರಡು ಪಾಲು ಮಾಡಿ ನಿಲ್ಲಿಸಿದರೆ ಆ ಬಿಸಿ ಬರುವುದಿಲ್ಲ.

ಡಬ್ಲ್ಯುಡಬ್ಲ್ಯುಇ ವರ್ಷವರ್ಷವೂ ಮಾಡಿದ್ದು ಅದನ್ನೇ. 2002ರಲ್ಲಿ ಪಟುಗಳನ್ನು ಎರಡು ಕಾರ್ಯಕ್ರಮಗಳಿಗೆ ಹಂಚಿತು, 2011ರಲ್ಲಿ ಆ ಹಂಚಿಕೆ ಕೈಬಿಟ್ಟಿತು, 2016ರ ಜುಲೈಯಲ್ಲಿ ಮತ್ತೆ ಹಂಚಿತು. ಕೆಂಪು ಅಂಗಿ ರಾ, ನೀಲಿ ಅಂಗಿ ಸ್ಮ್ಯಾಕ್‌ಡೌನ್. 2021ರಲ್ಲಂತೂ ಹೊಸ ಹಂಚಿಕೆ ಜಾರಿಗೆ ಬಂದದ್ದು ಅಕ್ಟೋಬರ್ 22ಕ್ಕೆ, ಬಣಕಾಳಗ ನಡೆದದ್ದು ನವೆಂಬರ್ 21ಕ್ಕೆ. ತಿಂಗಳ ಹಿಂದಷ್ಟೇ ನೀಲಿ ತೊಟ್ಟವರು ಕೆಂಪು ಬಣ್ಣದ ಗೌರವಕ್ಕಾಗಿ ಪ್ರಾಣ ಕೊಡುವುದಾಗಿ ಅಬ್ಬರಿಸಿದರೆ ನಂಬುವುದು ಹೇಗೆ? ಆ ವರ್ಷದ ಕಾರ್ಯಕ್ರಮದಲ್ಲಿ ಸಾಕಷ್ಟು ಹೊತ್ತು ನುಂಗಿದ್ದು ಒಂದು ನೆಟ್‌ಫ್ಲಿಕ್ಸ್ ಸಿನಿಮಾದ ಪ್ರಚಾರಕ್ಕೆ ತಂದಿಟ್ಟ ಚಿನ್ನದ ಮೊಟ್ಟೆಯ ಕಥೆ. ಮೈಮುರಿದು ದುಡಿಯುವ ಪಟುಗಳಿಗೆ ಮಾಡಿದ ಅವಮಾನ ಅದು.

ಬೆಕಿಯ ಆ ರಾತ್ರಿ ಬಿಟ್ಟರೆ, ಇದೇ ಚೌಕಟ್ಟಿನೊಳಗೆ ಇನ್ನೊಮ್ಮೆ ಮಾತ್ರ ಕಿಡಿ ಹೊತ್ತಿತು. 2019ರ ಅಕ್ಟೋಬರ್ 31ರಂದು ರಿಯಾದ್‌ನಲ್ಲಿ ಪ್ರದರ್ಶನ ಮುಗಿಸಿದ ಪಟುಗಳಲ್ಲಿ ಹೆಚ್ಚಿನವರು ವಿಮಾನ ತಡವಾಗಿ ಮರುದಿನ ಬಫಲೋದಲ್ಲಿದ್ದ ಸ್ಮ್ಯಾಕ್‌ಡೌನ್‌ಗೆ ತಲುಪಲಿಲ್ಲ. ಆ ಖಾಲಿ ಜಾಗಕ್ಕೆ ಕಂಪನಿಯ ಮೂರನೇ ಬಣ ಎನ್‌ಎಕ್ಸ್‌ಟಿಯ ಹುಡುಗ ಹುಡುಗಿಯರನ್ನು ತುರ್ತಾಗಿ ಕರೆತಂದರು. ಆ ರಾತ್ರಿ ಆಡಂ ಕೋಲ್ ಡೇನಿಯಲ್ ಬ್ರಯನ್‌ನಂಥವನನ್ನೇ ಸೋಲಿಸಿ ತನ್ನ ಪಟ್ಟ ಉಳಿಸಿಕೊಂಡ. ದೊಡ್ಡವರ ಮನೆ ಖಾಲಿಯಿದ್ದಾಗ ಕಿರಿಯರು ಬಂದು ಗೆದ್ದರು ಎಂಬ ಕಥೆ ತಾನಾಗಿ ಹುಟ್ಟಿತು. ಎನ್‌ಎಕ್ಸ್‌ಟಿಗೆ ತನ್ನದೇ ಚಿಕ್ಕ ಸಭಾಂಗಣ, ತನ್ನದೇ ಶೈಲಿ, ಎದೆತಟ್ಟಿ ಕೂಗುವ ತನ್ನದೇ ಅಭಿಮಾನಿಗಳು ಇದ್ದುದರಿಂದ ಆ ಕಥೆ ನಿಂತಿತು. ನವೆಂಬರ್ 24ರ ಕಾಳಗದಲ್ಲಿ ಎನ್‌ಎಕ್ಸ್‌ಟಿ ನಾಲ್ಕು, ಸ್ಮ್ಯಾಕ್‌ಡೌನ್ ಎರಡು, ರಾ ಒಂದು ಪಂದ್ಯ ಗೆದ್ದವು. ಅಂದು ಸೋತವರಲ್ಲೂ ಒಬ್ಬ ಬೆಳೆದ. ಗಂಡಸರ ತಂಡಗಳ ಪಂದ್ಯದಲ್ಲಿ ಕೊನೆಯವರೆಗೂ ರೋಮನ್ ರೇನ್ಸ್ ಎದುರು ನಿಂತ ಕೀತ್ ಲೀ ಸೋತರೂ, ರೇನ್ಸ್ ಅವನಿಗೆ ಮುಷ್ಟಿ ತಾಗಿಸಿ ಗೌರವ ಸಲ್ಲಿಸಿದ. ಹೆಚ್ಚಿನವರು ಹೆಸರೇ ಕೇಳದಿದ್ದ ಪಟು ಒಂದು ಸೋಲಿನಿಂದ ಎಲ್ಲರ ಬಾಯಲ್ಲೂ ಬಂದ. ಸೋಲನ್ನು ಬರೆಯಬೇಕಾದ್ದು ಹೀಗೆ.

ಭಾರತದ ಪ್ರೇಕ್ಷಕರಿಗೆ ಈ ಬಣಕಾಳಗದ ಇನ್ನೊಂದು ನೆನಪಿದೆ, ಅದು ಸ್ವಲ್ಪ ಕಹಿ. 2017ರ ಮೇ ತಿಂಗಳಲ್ಲಿ ಪಂಜಾಬಿ ಮೂಲದ ಕೆನಡಾದ ಜಿಂದರ್ ಮಹಲ್ ಸ್ಮ್ಯಾಕ್‌ಡೌನ್‌ನ ಚಾಂಪಿಯನ್ ಆದ. ಸರ್ವೈವರ್ ಸೀರೀಸ್‌ನಲ್ಲಿ ರಾ ಚಾಂಪಿಯನ್ ಬ್ರಾಕ್ ಲೆಸ್ನರ್ ಎದುರು ಅವನೇ ನಿಲ್ಲುವವನಿದ್ದ. ಎರಡು ವಾರ ಇರುವಾಗ, ನವೆಂಬರ್ 7ರಂದು ಮ್ಯಾಂಚೆಸ್ಟರ್‌ನಲ್ಲಿ ಎಜೆ ಸ್ಟೈಲ್ಸ್ ಅವನ ಪಟ್ಟ ಕಿತ್ತುಕೊಂಡ. ಕುಸ್ತಿಯ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರ. ಸ್ಟೈಲ್ಸ್–ಲೆಸ್ನರ್ ಪಂದ್ಯ ಆ ವರ್ಷದ ಒಳ್ಳೆಯ ಪಂದ್ಯಗಳಲ್ಲೊಂದು, ಮಹಲ್‌ಗೆ ಆ ಚುರುಕು ಇರಲಿಲ್ಲ. ಒಪ್ಪಲಾಗದ್ದು ಮುಂದಿನದು. ಡಿಸೆಂಬರ್ 9ರಂದು ದೆಹಲಿಯಲ್ಲಿ, ಅವನಿಗಾಗಿ ಸೇರಿದ ಜನರ ಮುಂದೆಯೇ, ಅವನನ್ನು ಟ್ರಿಪಲ್ ಎಚ್ ಕೈಯಲ್ಲಿ ಸೋಲಿಸಿದರು. ಭಾರತದ ಮಾರುಕಟ್ಟೆ ಬೇಕು, ಭಾರತದ ಪ್ರೇಕ್ಷಕನ ಮನಸ್ಸು ಬೇಡ ಎಂಬ ಧೋರಣೆ ಅದರಲ್ಲಿತ್ತು.

ನಿಜವಾದ ಎರಡು ಕಂಪನಿಗಳು ಕೈಜೋಡಿಸಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಎಇಡಬ್ಲ್ಯು ಮತ್ತು ನ್ಯೂ ಜಪಾನ್ ಸೇರಿ 2022ರ ಜೂನ್ 26ರಂದು ಶಿಕಾಗೊದಲ್ಲಿ ಶುರುಮಾಡಿದ 'ಫರ್ಬಿಡನ್ ಡೋರ್' ಉದಾಹರಣೆ. ಅದಕ್ಕೂ ದೋಷಗಳಿವೆ. ಜಪಾನಿನ ಪಟುಗಳನ್ನು ಅರಿಯದ ಪ್ರೇಕ್ಷಕನಿಗೆ ಕಾರಣವೇ ತಿಳಿಯದ ಪಂದ್ಯಗಳು ಸಾಲಾಗಿ ಬರುತ್ತವೆ, ಕಾರ್ಯಕ್ರಮ ವಿಪರೀತ ಉದ್ದ. ಆದರೆ 2023ರ ಟೊರಾಂಟೊ ಆವೃತ್ತಿಯಲ್ಲಿ ಕೆನಡಾದವನೇ ಆದ ಕೆನ್ನಿ ಒಮೆಗಾನನ್ನು ಅವನ ಸ್ವಂತ ನೆಲದಲ್ಲಿ ವಿಲ್ ಆಸ್ಪ್ರೇ ಸೋಲಿಸಿದ್ದನ್ನು ನೋಡಬೇಕು. ಅದೇ ಜನವರಿಯಲ್ಲಿ ಟೋಕಿಯೊದಲ್ಲಿ ಒಮೆಗಾ ಕಸಿದಿದ್ದ ಬೆಲ್ಟ್ ಅಂದು ಆಸ್ಪ್ರೇ ಕೈಗೆ ಮರಳಿತು. ಆರು ತಿಂಗಳ ಸೇಡು, ಎರಡು ದೇಶ, ಕಳೆದುಕೊಳ್ಳಲು ಒಂದು ಪಟ್ಟ. ಅಂಗಿಯ ಬಣ್ಣದ ಹಂಗು ಬೇಕಾಗಲೇ ಇಲ್ಲ.

ಡಬ್ಲ್ಯುಡಬ್ಲ್ಯುಇ 2022ರಿಂದ ಸರ್ವೈವರ್ ಸೀರೀಸ್‌ನ ಬಣಕಾಳಗ ಬಿಟ್ಟು, ವೈಯಕ್ತಿಕ ಹಗೆತನದ ಮೇಲೆ ನಿಲ್ಲುವ 'ವಾರ್‌ಗೇಮ್ಸ್' ಪಂಜರದ ಪಂದ್ಯಗಳಿಗೆ ಹೊರಳಿದೆ. ಒಳ್ಳೆಯದಾಯಿತು. ಆದರೆ 2025ರ ಏಪ್ರಿಲ್‌ನಲ್ಲಿ ಅದು ಮೆಕ್ಸಿಕೊದ ಎಎಎ ಕಂಪನಿಯನ್ನು ಕೊಳ್ಳುವುದಾಗಿ ಸಾರಿತು. 1992ರಲ್ಲಿ ಅಂಟೋನಿಯೊ ಪೆನ್ಯಾ ಕಟ್ಟಿದ, ಮುಖವಾಡದ ಪಟುಗಳ ದೊಡ್ಡ ಪರಂಪರೆಯುಳ್ಳ ಕಂಪನಿ ಅದು. ಜೂನ್ 7ರಂದು ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ನಲ್ಲಿ ಎರಡೂ ಬಳಗ ಸೇರಿ ನಡೆಸಿದ 'ವರ್ಲ್ಡ್ಸ್ ಕೊಲೈಡ್'ನಲ್ಲಿ ಎಎಎ ಚಾಂಪಿಯನ್ ಇಹೊ ದೆಲ್ ವಿಕಿಂಗೊ ಡಬ್ಲ್ಯುಡಬ್ಲ್ಯುಇಯ ಚ್ಯಾಡ್ ಗೇಬಲ್‌ನನ್ನು ಸೋಲಿಸಿ ಪಟ್ಟ ಉಳಿಸಿಕೊಂಡ. ಶುರು ಸರಿಯಾಗಿತ್ತು. ಕೊಂಡುಕೊಂಡ ಕಂಪನಿಯ ಪಟುಗಳು ದೊಡ್ಡ ರಾತ್ರಿಗಳಲ್ಲಿ ಮುಂದೆಯೂ ಗೆಲ್ಲಬೇಕು, ಅವರ ಬೆಲ್ಟು ಅವರ ಬಳಿಯೇ ಬಹುಕಾಲ ಇರಬೇಕು, ಅವರ ಶೈಲಿ ಅಮೆರಿಕದ ಟಿವಿಯ ಅಳತೆಗೆ ಕತ್ತರಿಯಾಗಬಾರದು. 2001ರಲ್ಲಿ ಮೆಕ್‌ಮಹೊನ್ ಮಾಡದೆ ಬಿಟ್ಟದ್ದನ್ನು ಅವರ ಉತ್ತರಾಧಿಕಾರಿಗಳು ಈಗ ಮೆಕ್ಸಿಕೊದವರಿಗೆ ಮಾಡಿಕೊಡಲಿ.